ಮಿಕ್ಕ ಬಣ್ಣದ ಮನೆ

ನಮ್ಮ ಸೋದರಮಾವ ನಲವತ್ತು ವರ್ಷ ಊರವರ ಗೋಡೆಗಳಿಗೆ ಬಣ್ಣ ಬಳಿದವರು. ಯಜಮಾನರನ್ನು ಕೇಳದೆ ಒಂದು ದಿನವೂ ಬ್ರಷ್ ಅದ್ದಿದವರಲ್ಲ. ಅವರ ಸ್ವಂತ ಮನೆಗೆ ಮಾತ್ರ ಡಬ್ಬದ ತಳದಲ್ಲಿ ಮಿಕ್ಕಿದ್ದೇ ಗತಿ. ಅಡುಗೆಮನೆಗೆ ಯಾವುದೋ ಆಸ್ಪತ್ರೆಯ ಹಸಿರು, ನಡುಮನೆಗೆ ಯಾವುದೋ ಶಾಲೆಯ ಹಳದಿ. ಆ ಗೋಡೆಗಳಿಗೆ ಅತ್ತೆ ಶಾಪ ಹಾಕದ ದಿನವಿಲ್ಲ.

ಮಂಡಿ ಕೈಕೊಟ್ಟು ಮಾವ ಮನೆಯಲ್ಲೇ ಕೂತಾಗ, ದೊಡ್ಡವರಿಗೆಂದೇ ಮಾಡಿದ ಬಣ್ಣ ತುಂಬುವ ಪುಸ್ತಕವನ್ನೂ ಒಂದು ಡಬ್ಬಿ ಬಣ್ಣದ ಪೆನ್ಸಿಲನ್ನೂ ತಂದುಕೊಟ್ಟೆ. ಮೊದಲ ಪುಟದಲ್ಲಿ, ಎದುರು ಗೋಡೆ ತೆಗೆದಿಟ್ಟಂತೆ ಕೋಣೆಗಳೆಲ್ಲ ಕಾಣುವ ಒಂದು ಮನೆ. ಮಾವ ಕೆಳಗೆ ಹಳೇ ಪೇಪರ್ ಹಾಸಿಕೊಂಡು, ಮೇಲಿನಿಂದ ಶುರು ಮಾಡಿದರು.

"ಪೆನ್ಸಿಲ್ ಏನು ತೊಟ್ಟಿಕ್ಕುತ್ತಾ ಮಾವ?" ಅಂದೆ.

"ಸುಮ್ನಿರೇ. ಕೆಲಸ ಅಂದ್ಮೇಲೆ ಕೆಲಸ."

ವಾರವಾದರೂ ಒಂದು ಪುಟ ಮುಗಿಯಲಿಲ್ಲ. ನನಗೆ ರೇಗಿಹೋಯಿತು. ಕೇಳಿದರೆ, ಎರಡನೇ ಕೋಟ್ ಹೊಡೀತಿದ್ದಾರಂತೆ! ಕೊನೆಗೆ ನೋಡಿದರೆ ಅದೇ ಹಸಿರು ಅಡುಗೆಮನೆ, ಅದೇ ಹಳದಿ ನಡುಮನೆ. ಮಲಗುವ ಕೋಣೆಯೊಂದು ಖಾಲಿ.

"ಇದನ್ಯಾಕೆ ಬಿಟ್ರಿ? ಡಬ್ಬದಲ್ಲಿ ಏನೂ ಮಿಕ್ಕಿರಲಿಲ್ವಾ?" ಅತ್ತೆ ಕುಟುಕಿದರು.

"ಮನೆ ಯಜಮಾನ್ತಿ ಬಣ್ಣ ಹೇಳ್ಲಿ ಅಂತ ಕಾಯ್ತಿದೀನಿ."

"ಇದನ್ನ ಕೇಳೋಕೆ ಮದುವೆಯಾಗಿ ಮೂವತ್ತು ವರ್ಷ ಬೇಕಾಯ್ತಾ?" ಎಂದು ಗೊಣಗುತ್ತಲೇ ಅತ್ತೆ ಪೆನ್ಸಿಲ್ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ನನ್ನ ಮೇಲೆ ಹರಿಹಾಯ್ದರು: "ನೋಡ್ತಾ ನಿಂತ್ಯಲ್ಲ, ನನ್ನ ಕನ್ನಡಕ ತಗೊಂಡ್ ಬಾರೇ!"