ರುದ್ರಮ್ಮ ದೊಡ್ಡಮ್ಮನ ಏಟು

ಕುಣಿಗಲ್‌ನಲ್ಲಿ ನಲ್ಲಿ, ಪೈಪು ಮಾರುತ್ತಿದ್ದ ನಮ್ಮ ದೊಡ್ಡಮ್ಮ ರುದ್ರಮ್ಮ ಗಿರಾಕಿಗಳನ್ನು ಹೊಡೆಯುತ್ತಿದ್ದಳು. ಮಾತಿನಲ್ಲಿ ಅಂತಲ್ಲ, ಕೈಯಲ್ಲೇ. ಗುಬ್ಬಿಯಲ್ಲಿರುವ ನಮ್ಮಮ್ಮ ಸೊಳ್ಳೆ ಹೊಡೆಯುವುದಕ್ಕೂ ಹಿಂದೆಮುಂದೆ ನೋಡುವ ಹೆಂಗಸು. ಅದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ ಮಾತ್ರ ಹೀಗೆ. ವಿಭೂತಿ ಬಳಿದ ಆ ಹಣೆಯ ಕೆಳಗಿನ ಕಣ್ಣು ಕೆಂಪಾದರೆ ಅಂಗಡಿ ಮುಂದೆ ನಿಂತ ನಾಯಿಯೂ ಎದ್ದು ಹೋಗುತ್ತಿತ್ತು.

ನಲ್ಲಿಗೂ ಪೈಪಿಗೂ ನಡುವೆ ಕೂರಿಸುವ ಹಿತ್ತಾಳೆಯ ಅಡಾಪ್ಟರ್ ಕೇಳಲು ಬಂದವರು ಬೆರಳು ಬಾಗಿಸಿ, "ಇಷ್ಟ್ ದಪ್ಪ ಇರ್ಬೋದು" ಅಂದರೆ ಮುಗಿಯಿತು. ಕಬ್ಬಿಣದ ಸ್ಕೇಲು ಆ ಬೆರಳಿನ ಮೇಲೇ ಫಟ್ಟಂತ ಬೀಳುತ್ತಿತ್ತು. "ನಿನ್ ಬೆರಳಿಗೆ ಥ್ರೆಡ್ ಐತೇನ್ಲಾ? ನಲ್ಲಿ ಬಿಚ್ಕೊಂಡು ಬಾ. ಬಿಚ್ಚಕ್ಕಾಗ್ದಿದ್ರೆ ಮುದ್ದೆ ಒತ್ಕೊಂಡು ಬಾ, ಹೋಗು!"

ಮುದ್ದೆ ಒತ್ತುವುದು ಅವಳೇ ಕಂಡುಕೊಂಡಿದ್ದ ಉಪಾಯ. ಆರಿದ ರಾಗಿಮುದ್ದೆಯ ತುಂಡನ್ನು ನಲ್ಲಿಯ ಬಾಯಿಗೂ ಥ್ರೆಡ್ಡಿನ, ಅಂದರೆ ತಿರುಪಿನ ಹಲ್ಲುಗಳ, ಮಗ್ಗುಲಿಗೂ ಒತ್ತಿದರೆ ಅದರ ಅಗಲ, ಹಲ್ಲುಗಳ ನಡುವಿನ ಅಂತರ ಎರಡೂ ಅಚ್ಚಾಗಿ ಮೂಡುತ್ತವೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರೆ ದೊಡ್ಡಮ್ಮ ತನ್ನ ನಲ್ಲಿಗಳನ್ನು ಒಂದೊಂದಾಗಿ ಆ ಅಚ್ಚಿನ ಮೇಲಿಟ್ಟು ನೋಡಿ, ಹಲ್ಲು ಹೊಂದಿದ ನಲ್ಲಿಗೆ ಸೇರುವ ಅಡಾಪ್ಟರನ್ನೇ ಕೊಡುತ್ತಿದ್ದಳು. ಒಮ್ಮೆ ಕೊತ್ತಗೆರೆಯವನೊಬ್ಬ ಬಟ್ಟೆ ಸುತ್ತದೆ, ಬೈಕಿನ ಮುಂದೆ ಬಿಸಿಲಿಗಿಟ್ಟುಕೊಂಡೇ ತಂದ. ಮುದ್ದೆ ಒಣಗಿ, ಕುಗ್ಗಿ, ಕಲ್ಲಾಗಿತ್ತು. ಅದನ್ನೇ ಎತ್ತಿ ಅವನ ಹಣೆಗೆ ಬೀಸಿದಳು. ಹುಬ್ಬು ಒಡೆದು ರಕ್ತ ಬಂತು. "ಅಯ್ಯೋ, ತಗುಲ್ತೇನಪ್ಪಾ?" ಅಂತ ತಾನೇ ಓಡಿ ಬಂದು ಅರಿಶಿನ ಒತ್ತಿದಳು. ಒತ್ತುತ್ತಲೇ ಬೆನ್ನಿಗೆ ಇನ್ನೊಂದು ಗುದ್ದು ಗುದ್ದಿ, "ಕುಗ್ಗಿದ್ ಅಳತೇಲಿ ನಿನ್ ಹೆಂಡ್ರನ್ನ ಕೊಲ್ಬೇಕು ಅಂತಿದ್ಯಾ?" ಅಂತ ಬೈದಳು.

ಒಂದು ಪೈಪಿನ ತುಂಡಿಗೆ ಕೊಲ್ಲುವ ಮಾತೇಕೆ ಅಂತ ನನಗೂ ಅನ್ನಿಸುತ್ತಿತ್ತು. ಬಲವಂತವಾಗಿ ತಿರುಗಿಸಿ ಹಲ್ಲು ಕೆಡಿಸಿದ ಅಡಾಪ್ಟರ್ ವಾಪಸು ಬಂದರೆ ಅವಳು ಗಿರಾಕಿಯ ಎದುರಿಗೇ ಸುತ್ತಿಗೆಯಿಂದ ಅದನ್ನು ಚಪ್ಪಟೆ ಮಾಡುತ್ತಿದ್ದಳು. ಹಿತ್ತಾಳೆಗೆ ಬಿದ್ದ ಏಟು ನಮ್ಮ ಹಲ್ಲಿಗೆ ಬಡಿದಂತಾಗುತ್ತಿತ್ತು.

ಅಂಥವಳು ಒಂದು ದಿನ ಹೋಳಿಗೆ ಕಟ್ಟಿಕೊಂಡು ತುಮಕೂರಿಗೆ, ಸದಾಶಿವನಗರದ ನಮ್ಮ ಮನೆಗೆ ಬಂದಳು. ನಮ್ಮ ಯಜಮಾನರು ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಆನ್‌ಲೈನಿನಲ್ಲಿ ಅದ್ಯಾವುದೋ ಫಾರಿನ್ ಶವರ್ ತರಿಸಿ, ಬಚ್ಚಲಿನಲ್ಲಿ ಗೀಸರಿನ ಪೈಪಿಗೆ ಅಡಾಪ್ಟರ್ ಹಾಕಿ ಕೂರಿಸುತ್ತಿದ್ದರು. ಕಿರ್ರ್ ಅಂತ ಲೋಹ ಉಜ್ಜುವ ಸದ್ದು ಕೇಳಿದ್ದೇ ತಡ, ದೊಡ್ಡಮ್ಮ ಹೋಳಿಗೆಯ ಡಬ್ಬಿ ಎಸೆದು ಒಳಗೆ ನುಗ್ಗಿದಳು.

"ಅಳಿಯಂದ್ರೆ, ನಿಲ್ಸಿ. ಎರಡೇ ಸುತ್ತು ತಿರುಗ್ಸೋದ್ರಲ್ಲಿ ಬಿಗಿಯಾಯ್ತು ಅಂದ್ರೆ ಹಲ್ಲು ಬೇರೆ. ಬಿಚ್ಚಿ ಅದನ್ನ."

"ಎರಡೂ ಅರ್ಧ ಇಂಚೇ ದೊಡ್ಡತ್ತೆ. ಟೇಪ್ ಸುತ್ತಿದೀನಿ, ಕೂರುತ್ತೆ ಬಿಡಿ."

ಅವಳು ಸ್ಪ್ಯಾನರ್‌ಗೆ ಕೈ ಹಾಕಿದಳು. ಇವರು ಬಿಡಲಿಲ್ಲ. ಇಬ್ಬರೂ ಒದ್ದೆ ನೆಲದ ಮೇಲೆ ಜಗ್ಗಾಡಿದರು, ಇವರ ಮೊಣಕೈ ತಗುಲಿ ಕನ್ನಡಿ ಚೂರಾಯಿತು. ಇವರು ಇನ್ನೊಂದು ಸುತ್ತು ಬಲವಾಗಿ ಒತ್ತಿ ತಿರುಗಿಸಿದರು ನೋಡಿ, ದೊಡ್ಡಮ್ಮ ಕೈಯೆತ್ತಿ ಕೆನ್ನೆಗೆ ಬಾರಿಸಿಯೇ ಬಿಟ್ಟಳು. ಅಳಿಯನ ಕೆನ್ನೆಗೆ!

"ಸಾಯ್ತೀಯಾ ಕಣ್ಲಾ!" ಅಂತ ಕಿರುಚಿದಳು.

ಇವರು ಕೆನ್ನೆ ಮುಟ್ಟಿಕೊಂಡು ಬಾಗಿಲು ತೋರಿಸಿದರು. "ಹೊರಗೆ ಹೋಗಿ. ಇನ್ನು ಈ ಹೊಸಿಲು ತುಳಿದ್ರೆ ನಾನು ಮನುಷ್ಯನಾಗಿರಲ್ಲ." ನನ್ನ ಕಡೆ ತಿರುಗಿ, "ನಾಳೆ ಡ್ಯೂಟಿಯಿಂದ ಬಂದು ಇದರಲ್ಲೇ ಬಿಸಿನೀರು ಹುಯ್ಕೊಂತೀನಿ, ನೋಡ್ತಿರು" ಅಂದರು. ದೊಡ್ಡಮ್ಮ ರಾತ್ರಿ ನಮ್ಮಮ್ಮನ ಮನೆಯಲ್ಲಿ ಉಳಿಯಲು ಗುಬ್ಬಿಯ ಬಸ್ಸು ಹತ್ತಿದಳು.

ಮರುದಿನ ಇವರ ಬೈಕು ಬೀದಿ ದಾಟಿದ್ದೇ ಬಾಗಿಲಲ್ಲಿ ಅವಳು. ಕಣ್ಣು ಊದಿಕೊಂಡಿತ್ತು. "ಎಸರಿಡೇ. ಮುದ್ದೆ ತಿರುವು" ಅಂದಳು. ನಾನು ತಿರುವಿದೆ. ಶವರ್ ಬಿಚ್ಚಿ ಅದರ ಥ್ರೆಡ್ಡಿಗೂ ಗೀಸರಿನ ಪೈಪಿಗೂ ಅಚ್ಚು ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಪೇಟೆಯ ಅಂಗಡಿಗಳನ್ನೆಲ್ಲ ಅಲೆದು, ಹೊಂದುವ ಅಡಾಪ್ಟರ್ ತಂದು ಕೂರಿಸಿದಳು. ಅದು ಕೈಯಲ್ಲೇ ಬೆಣ್ಣೆಯಂತೆ ಕೊನೆತನಕ ತಿರುಗಿತು. ನೋಡುವುದಕ್ಕೆ ಹಳೆಯದರ ತದ್ರೂಪು, ಇವರಿಗೆ ಗೊತ್ತಾಗುವ ಹಾಗೇ ಇರಲಿಲ್ಲ. ಬಿಚ್ಚಿದ ಹಳೆಯದನ್ನು ನನ್ನ ಮುಖಕ್ಕೆ ಹಿಡಿದಳು. ಒಳಗಿನ ಹಲ್ಲುಗಳು ಕೆತ್ತಿ ಹೋಗಿ ನುಣ್ಣಗಾಗಿದ್ದವು. "ನೀರು ಒತ್ತೋ ಪಂಪ್ ಆನ್ ಮಾಡಿದ್ರೆ ಕುದಿಯೋ ನೀರು ಅವನ್ ತಲೆ ಮ್ಯಾಲೇ ಕಿತ್ಕೊಂಡು ಬರ್ತಿತ್ತು."

ಆಮೇಲೆ ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಜಜ್ಜತೊಡಗಿದಳು. ಒಂದೊಂದು ಏಟಿಗೂ ಒಂದೊಂದು ಮಾತು ಬಂತು. "ನಿಮ್ ದೊಡ್ಡಪ್ಪ ತೋಟದ್ ಮೋಟ್ರಿಗೆ ಅಡಾಪ್ಟರ್ ಕೇಳುದ್ರು. ಅಳತೆ ನೋಡ್ದೆ ಕಣ್ಣಂದಾಜ್ನಲ್ಲಿ ಕೊಟ್ಟೋಳು ನಾನೇ. ಬಿಗಿ ಐತಲ್ಲೇ ಅಂದ್ರು. ಗಂಡ್ಸಲ್ವಾ, ಬಲ ಹಾಕಿ ತಿರುಗ್ಸಿ ಅಂದೆ ಕಣೇ." ಸುತ್ತಿಗೆ ಬಿತ್ತು. "ಮೋಟ್ರು ಹಾಕ್ತಿದ್ದಂಗೆ ಕಿತ್ಕೊಂಡು ಬಂದು ಎದೆಗೆ ಹೊಡೀತು." ಮತ್ತೆ ಬಿತ್ತು. ಹಿತ್ತಾಳೆ ಕಾಗದದಷ್ಟು ತೆಳ್ಳಗಾದರೂ ಅವಳು ನಿಲ್ಲಿಸಲಿಲ್ಲ, ನಾನೇ ಕೈ ಹಿಡಿದುಕೊಂಡೆ. ದೊಡ್ಡಪ್ಪ ಮೋಟರಿನ ಹತ್ತಿರ ಸತ್ತರು ಅಂತಷ್ಟೇ ನಮಗೆಲ್ಲ ಗೊತ್ತಿತ್ತು.

ಸಂಜೆ ಇವರು ಶವರಿನ ಕೆಳಗೆ ನಿಂತು ಹಾಡಿಕೊಂಡು ಸ್ನಾನ ಮಾಡಿದರು. "ಒಂದು ಹನಿ ಸೋರ್ತಾ ಇಲ್ಲ, ನೋಡು ನಿಮ್ಮ ದೊಡ್ಡಮ್ಮನ ಬುದ್ಧಿ" ಅಂದರು. ಬಂದ ನೆಂಟರಿಗೆಲ್ಲ ಆ ಶವರ್ ತೋರಿಸುವುದೇ ಒಂದು ಕೆಲಸವಾಯಿತು. ಗೌರಿಹಬ್ಬಕ್ಕೆ ದೊಡ್ಡಮ್ಮನನ್ನು ಕರೆಯುವ ಹಾಗಿರಲಿಲ್ಲ. ಅವಳ ಬಾಗಿನವನ್ನು ನಾನೇ ಬಸ್ಸಿನಲ್ಲಿ ಹೋಗಿ ಕೊಟ್ಟು ಬರುತ್ತಿದ್ದೆ. ಬರುವಾಗಲೆಲ್ಲ ಇವರ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ಬೇಸಿಗೆಯಲ್ಲಿ ದೊಡ್ಡಮ್ಮ ಹಾಸಿಗೆ ಹಿಡಿದಳು. ಕೊನೆಯ ಸಲ ನೋಡಲು ಹೋದಾಗ ಲೋಟ ಎತ್ತುವ ಶಕ್ತಿಯೂ ಆ ಕೈಯಲ್ಲಿ ಇರಲಿಲ್ಲ.

"ಇವತ್ತು ಅವರಿಗೆ ಎಲ್ಲಾ ಹೇಳಿ, ಕಾಲಿಗೆ ಬೀಳಿಸ್ತೀನಿ ನಿನಗೆ" ಅಂದೆ.

ಎಲ್ಲಿತ್ತೋ ಬಲ, ನನ್ನ ಮುಂಗೈಗೆ ರಪ್ಪಂತ ಏಟು ಬಿತ್ತು. "ಬಾಯ್ ಮುಚ್ಕೊಂಡಿರು. ಗೆದ್ದೆ ಅಂದ್ಕೊಂಡೇ ಇರ್ಲಿ ಬುಡು. ಜೀವಂತ್ವಾಗವ್ನಲ್ಲ." ಅದೇ ಅವಳು ಹೊಡೆದ ಕಡೆಯ ಏಟು.

ಅವಳ ಮಣ್ಣಿಗೆ ಇವರೂ ಬಂದರು. ಗದ್ದುಗೆಗೆ ಮೂರು ಹಿಡಿ ಮಣ್ಣು ಹಾಕಿದರು, ಕಣ್ಣೂ ಒರೆಸಿಕೊಂಡರು. ಮನೆಗೆ ಬಂದು ಸ್ನಾನ ಮಾಡಿ, ತಲೆ ಒರೆಸಿಕೊಳ್ಳುತ್ತಾ, "ಪಾಪ, ಒಳ್ಳೇ ಹೆಂಗಸು. ಆದರೆ ಆ ಶವರ್ ವಿಷಯದಲ್ಲಿ ಮಾತ್ರ ನಾನೇ ಸರಿ, ಅಲ್ವೇನೇ?" ಅಂದರು.

ನನ್ನ ಅಂಗೈ ಬಿಸಿಯಾಯಿತು. ಕೈಯೆತ್ತಿದರೆ ಸಿಗುವಷ್ಟು ಹತ್ತಿರದಲ್ಲಿ ಆ ಕೆನ್ನೆ ಇತ್ತು, ಬೆಚ್ಚಗೆ, ನೀರಿಳಿಯುತ್ತಾ.

"ಹೂಂ ರೀ, ನೀವೇ ಸರಿ" ಅಂದೆ. ಬಚ್ಚಲಿಗೆ ಹೋಗಿ ಚಿಲಕ ಹಾಕಿ, ಆ ಶವರನ್ನು ಪೂರ್ತಿ ತಿರುಗಿಸಿ ಬಿಕ್ಕಿ ಬಿಕ್ಕಿ ಅತ್ತೆ.