ದುಭಾಷಿಯನ್ನು ಬಿಡಿಸಿಕೊಂಡು ಬಂದ ಫಾರಂ ಅಕ್ಕ

ಬೆಳಗಿನ ಐದೂವರೆ. ಬೈಂಡಿಂಗ್ ಶೆಡ್ಡಿನ ಶಟರ್ ಅರ್ಧಕ್ಕಷ್ಟೇ ಎದ್ದಿದೆ. ಒಳಗೆ ಉದ್ದನೆಯ ಮೇಜಿನ ಸುತ್ತ ನಲವತ್ತೈದರ ಹೆಂಗಸೊಬ್ಬರು ಬರಿಗಾಲಲ್ಲಿ ಸುತ್ತು ಹಾಕುತ್ತಿದ್ದಾರೆ. ಮೇಜಿನ ಮೇಲೆ ಮಡಚಿದ ಅಚ್ಚಿನ ಹಾಳೆಗಳ ಹದಿನೆಂಟು ರಾಶಿ. ರಾಶಿಗೊಂದರಂತೆ ಎತ್ತಿ ಎಡಗೈ ಮೇಲೆ ಪೇರಿಸುತ್ತ ಹೋದರೆ, ಸುತ್ತು ಮುಗಿಯುವ ಹೊತ್ತಿಗೆ ಒಂದು ಕಾದಂಬರಿ. ತುಟಿ ಮಾತ್ರ ಅಲ್ಲಾಡುತ್ತಲೇ ಇದೆ. ಏನೋ ಜಪವಿರಬೇಕೆಂದು ಹತ್ತಿರ ಹೋದರೆ ಕೇಳಿಸುವುದು, “ಪಿಸ್ತೂಲನ್ನು ಅವಳ ಕಿವಿಯ ಬಳಿ... ಹಿಡಿದು ನಕ್ಕ.”

ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿದರೆ ಹದಿನಾರು ಪುಟ. ಅದೇ ಒಂದು ಫಾರಂ. ಅವುಗಳನ್ನು ಕ್ರಮವಾಗಿ ಜೋಡಿಸುವ ಇವರನ್ನು ಶೆಡ್ಡಿನಲ್ಲಿ ಎಲ್ಲರೂ ಕರೆಯುವುದು ಫಾರಂ ಅಕ್ಕ ಎಂದೇ. ಇಪ್ಪತ್ತಾರು ವರ್ಷದಿಂದ ಇದೇ ಮೇಜು. ದಿನಕ್ಕೆ ನಾನೂರು ಸುತ್ತು, ಏಳು ಸಾವಿರ ಚಿಲ್ಲರೆ ಫಾರಂ, ಹೆಚ್ಚುಕಡಿಮೆ ಆರು ಕಿಲೋಮೀಟರ್ ನಡಿಗೆ. ಬೆರಳ ತುಂಬ ಕಾಗದದ ಅಂಚು ಕುಯ್ದ ಗೆರೆಗಳು. ಸಂಜೆಗೆ ಪಾದ ಊದಿಕೊಳ್ಳುತ್ತದೆ. “ಡಾಕ್ಟರು ಎಲ್ಲರಿಗೂ ವಾಕಿಂಗ್ ಮಾಡಿ ಅಂತಾರೆ. ನನಗೆ ಮಾತ್ರ ಸ್ವಲ್ಪ ಕೂತ್ಕೊಳ್ಳಮ್ಮ ಅಂದ್ರು,” ಎಂದು ನಗುತ್ತಾರೆ.

ಇವತ್ತು ಮೇಜಿನ ಮೇಲಿರುವುದು ಒಂದು ರಾಜಕೀಯ ಥ್ರಿಲ್ಲರ್‌ನ ಎರಡನೇ ಮುದ್ರಣ. ಪರದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ದುಭಾಷಿ ಹುಡುಗಿಯನ್ನು ಗೂಢಚಾರಿಣಿಯೆಂದು ತಪ್ಪು ತಿಳಿದು ಅಪಹರಿಸುತ್ತಾರೆ. ನಿಜವಾದ ಗೂಢಚಾರ ಯಾರೆಂದು ಇಲ್ಲಿ ಬಾಯಿಬಿಟ್ಟರೆ ಪ್ರಕಾಶಕರು ನನ್ನನ್ನೇ ಹೊತ್ತೊಯ್ದಾರು. ಹುರುಪಿನಲ್ಲಿ ನಾನೂ ಒಂದು ಸುತ್ತು ಹಾಕಿ ಪುಸ್ತಕ ಒಪ್ಪಿಸುತ್ತೇನೆ. ಅಕ್ಕ ಪುಸ್ತಕದ ಬೆನ್ನು ಸವರಿ ನೋಡಿ, “ಆರನೇ ಫಾರಂ ಎರಡು ಹಾಕಿದ್ದೀರಿ ಸಾರ್. ಪಾಪ, ಅವಳನ್ನ ಎರಡು ಸಲ ಅಪಹರಣ ಮಾಡಿಸಿಬಿಟ್ರಿ,” ಎನ್ನುತ್ತಾರೆ. ನನ್ನ ಪತ್ತೇದಾರಿಕೆ ಅಲ್ಲಿಗೆ ಮುಗಿಯಿತು.

ಉಳಿದವರು ಫಾರಂ ನಂಬರ್ ನೋಡಿ ಜೋಡಿಸುತ್ತಾರೆ. ಅಕ್ಕ ಮಾತು ನೋಡುತ್ತಾರೆ. ಒಂದು ಫಾರಂನ ಕೊನೆಯ ಸಾಲು ಮುಂದಿನದರ ಮೊದಲ ಸಾಲಿಗೆ ಕೂಡಬೇಕು. “ಸೇರಿದ ವರ್ಷ ನಂಬರ್ ತಪ್ಪಾಗಿ ಅಚ್ಚಾಗಿತ್ತು. ಅದನ್ನೇ ನಂಬಿ ಇನ್ನೂರು ಪುಸ್ತಕ ಹಾಳು ಮಾಡಿದೆ. ಆ ಕಥೇಲಿ ಮದುವೆ ಆದಮೇಲೆ ಗಂಡು ಹೆಣ್ಣು ನೋಡೋಕೆ ಬಂದಿದ್ದ. ಬೈಸಿಕೊಂಡಿದ್ದು ಇನ್ನೂ ಕಿವಿಯಲ್ಲಿದೆ.”

ಮನೆಯಲ್ಲಿ ಅತ್ತೆ. ಎಪ್ಪತ್ತೊಂದು ವರ್ಷ, ಪತ್ತೇದಾರಿ ಕಾದಂಬರಿಯೆಂದರೆ ಪ್ರಾಣ, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ನಡುಕ, ಎರಡು ವರ್ಷ ನೆಪದ ಮೇಲೆ ನೆಪ ಹೇಳಿದ್ದರು. ಸೊಸೆ ಸಂಜೆ ಸೊಪ್ಪು ಬಿಡಿಸುತ್ತ ಅಂದಂದಿನ ಫಾರಂಗಳ ಕಥೆ ಹೇಳುವುದು ರೂಢಿ. ಕೆಲವು ತಿಂಗಳ ಹಿಂದೆ ಈ ಕಾದಂಬರಿಯ ಮೊದಲ ಮುದ್ರಣದ ಹದಿನೇಳು ಫಾರಂ ಜೋಡಿಸಿಯಾಗಿತ್ತು. ಕೊನೆಯದನ್ನು, ಗುಟ್ಟು ರಟ್ಟಾದೀತೆಂದು, ಪ್ರಕಾಶಕರು ತಡೆದು ಅಚ್ಚು ಹಾಕಿಸುತ್ತಿದ್ದರು. ಅಂದು ಸಂಜೆ ಅತ್ತೆ ಮಾತು ಕೊಟ್ಟರು: “ಆ ಹುಡುಗಿ ಜೀವಂತವಾಗಿ ಮನೆಗೆ ಬರಲಿ, ಮಾರನೇ ದಿನವೇ ಆಸ್ಪತ್ರೆಗೆ ಬರ್ತೀನಿ. ಅವಳು ಸತ್ರೆ ನನ್ನ ಕಣ್ಣಿನ ಸುದ್ದಿ ಯಾರೂ ಎತ್ತಬಾರದು.”

ಮರುದಿನ ಬೆಳಗ್ಗೆ ಹದಿನೆಂಟನೆಯ ಫಾರಂ ಬಂತು. ಪುಸ್ತಕದ ಬಿಡುಗಡೆಗೆ ಎರಡೇ ದಿನ. ಹದಿನೇಳರ ಕೊನೆಯ ಸಾಲು, ‘ಬಾಗಿಲು ತೆರೆಯಿತು. ದುಭಾಷಿ ಎರಡು ಹೆಜ್ಜೆ’. ಹದಿನೆಂಟರ ಮೊದಲ ಸಾಲು, ‘ಹೊದಿಸಿದ್ದ ಬಿಳಿ ಬಟ್ಟೆಯನ್ನು ರಾಯಭಾರಿ ಮೆಲ್ಲಗೆ ಸರಿಸಿದರು’.

“ಬಿಳಿ ಬಟ್ಟೆ ಅಂತ ಓದಿದ್ದೇ ಸಾರ್, ಅವಳು ಹೋದ್ಲು, ಅತ್ತೆ ಕಣ್ಣೂ ಹೋಯ್ತು ಅಂದ್ಕೊಂಡೆ. ಆಮೇಲೆ ಇನ್ನೊಂದು ಸಲ ಓದಿದೆ. ಹೆಜ್ಜೆಗೆ ಯಾರಾದ್ರೂ ಬಟ್ಟೆ ಹೊದಿಸ್ತಾರಾ?”

ಮಾಲೀಕರು ಗಡಿಯಾರ ನೋಡುತ್ತ, “ನಂಬರ್ ಸರಿ ಇದೆಯಲ್ಲಮ್ಮ, ಜೋಡಿಸು,” ಎಂದರು. “ನಂಬರ್ ಸರಿ ಇದೆ ಅಣ್ಣ, ಮಾತು ಸರಿ ಇಲ್ಲ. ಬರೆದವರನ್ನೇ ಒಂದು ಮಾತು ಕೇಳಿ,” ಎಂದು ಅಕ್ಕ ಮೇಜು ಬಿಟ್ಟು ಕದಲಲಿಲ್ಲ. ಗೊಣಗುತ್ತಲೇ ಅವರು ಫೋನ್ ಮಾಡಿದರು. ನಿದ್ದೆಗಣ್ಣಲ್ಲಿದ್ದ ಲೇಖಕರು ಸಾಲು ಕೇಳಿ ಎದ್ದು ಕೂತರಂತೆ. “ಅಯ್ಯೋ, ಅವಳನ್ನ ನಾನು ಬದುಕಿಸಿ ತಿಂಗಳಾಯ್ತಲ್ಲ. ಅದು ಹಳೇ ಪ್ರತಿ.” ಪ್ರೆಸ್‌ನಲ್ಲಿ ಕೊನೆಯ ಫಾರಂಗೆ ಮಾತ್ರ ಹಳೆಯ ಮುಕ್ತಾಯವೇ ಅಚ್ಚಾಗಿತ್ತು, ಪುಟದ ಲೆಕ್ಕ ಎರಡರಲ್ಲೂ ಒಂದೇ ಆಗಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಸ ಫಾರಂ ಬಂತು: ‘ಮುಂದಿಟ್ಟು ಬೆಳಕಿಗೆ ಕಣ್ಣು ಕಿರಿದುಮಾಡಿದಳು’. ಅಕ್ಕ ಅದನ್ನು ಓದಿ, ಮುಖ ತೊಳೆದು ಬಂದು, ಜೋಡಿಸಲು ಶುರುಮಾಡಿದರು. ಸಾವಿರ ಪುಸ್ತಕದಲ್ಲಿ ಸಾಯಬೇಕಿದ್ದವಳು ಸಾವಿರದಲ್ಲೂ ಬದುಕಿ ಬಂದಳು. ಅತ್ತೆಯೂ ಮಾತಿಗೆ ತಪ್ಪಲಿಲ್ಲ.

ಸಂಜೆ ಅಕ್ಕನ ಜೊತೆ ನಾನು ಅವರ ಮನೆಗೆ ಹೋದಾಗ ಅತ್ತೆ ಕಿಟಕಿಯ ಬಳಿ ಹೊಸ ಕನ್ನಡಕ ಏರಿಸಿಕೊಂಡು ಅದೇ ಕಾದಂಬರಿ ಓದುತ್ತಿದ್ದಾರೆ. ಬಲಗಣ್ಣು ಆಗಿದೆ, ಎಡಗಣ್ಣು ಬಾಕಿ. “ಬನ್ನಿ, ನೀವೇ ನ್ಯಾಯ ಹೇಳಿ. ಆ ಹುಡುಗಿ ಕಾವಲುಗಾರನಿಗೆ ನಮ್ಮ ಭಾಷೆ ಕಲಿಸ್ತಾಳೆ, ಅವನು ಮೊದಲನೇ ಸಲ ‘ಅಮ್ಮ’ ಅಂದು ಅತ್ತುಬಿಡ್ತಾನೆ ಅಂತ ಇವಳು ಹೇಳಿದ್ಲು. ಪುಸ್ತಕ ಪೂರ್ತಿ ಜಾಲಾಡಿದೆ, ಎಲ್ಲೂ ಇಲ್ಲ.”

ಫಾರಂ ಅಕ್ಕನ ಮುಖ ಕೆಂಪಾಗುತ್ತದೆ. “ಅಂಚು ಕತ್ತರಿಸೋವರೆಗೂ ಒಳಗಿನ ಪುಟ ಬಿಚ್ಚಲ್ಲ ಸಾರ್. ನನಗೆ ಸಿಗೋದು ಮೊದಲನೇ ಪುಟ, ಕೊನೇ ಪುಟ. ಮಧ್ಯೆ ಏನಾದ್ರೂ ಆಗಬೇಕಲ್ಲ, ನಾನೇ ಸೇರಿಸ್ತಿದ್ದೆ. ಇನ್ನು ಅತ್ತೆ ತಾವೇ ಓದ್ಕೋತಾರೆ ಬಿಡಿ. ಎಡಗಣ್ಣೂ ಒಂದು ಆಗಿಬಿಟ್ರೆ ನನಗೆ ಅಷ್ಟೇ ಸಾಕು.”

ಅತ್ತೆ ಕನ್ನಡಕ ತೆಗೆದು ಸೊಸೆಯನ್ನೇ ನೋಡುತ್ತಾರೆ. “ಎಡಗಣ್ಣೂ ಮಾಡಿಸ್ಕೋತೀನಿ. ಆದ್ರೆ ಮುಂದಿನ ಕಾದಂಬರೀನೂ ಮೊದಲು ನೀನೇ ಹೇಳಬೇಕು. ಆಮೇಲೆ ನಾನು ಓದಿ ನೋಡ್ತೀನಿ, ಬರೆದವರು ಏನೇನು ಬಿಟ್ಟಿದ್ದಾರೆ ಅಂತ.”