ಕಾಗದ ಎಲ್ಲಿಟ್ಟಿದ್ರಿ?
ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಶಾಯಿ ರಾಚಪ್ಪನವರು ಗೋಕಾಕದ ಚಹಾದಂಗಡಿಯಲ್ಲಿ ಕುಳಿತು, ಕುಲಗೋಡದ ಕಕ್ಷಿದಾರನೊಬ್ಬನ ಕರಾರು ಪತ್ರವನ್ನು ಮೂಸಿ ನೋಡುತ್ತಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಇವರು, ಬಾಲ್‌ಪೆನ್ನಿನ ಶಾಯಿ ಎಷ್ಟು ಆರಿದೆಯೆಂದು ಅಳೆದು ತಕರಾರಿನ ಕಾಗದದ ವಯಸ್ಸು ಹೇಳುವವರು. ಹೇಳುವ ಮೊದಲು ಕೇಳುವುದು ಕನ್ಯೆ ನೋಡಲು ಬಂದ ಬೀಗರಿಗಿಂತ ಹೆಚ್ಚು: "ಎಲ್ಲಿಟ್ಟಿದ್ರಿ? ಟ್ರಂಕಿನ್ಯಾಗೋ, ಗಾದಿ ಕೆಳಗೋ? ಬಾಜೂಕ ಒಲಿ ಇತ್ತೇನು?" "ಸರ, ಕಾಗದಕ್ಕ ಜಾತಕಾ ಬರಸಾಕ ಬಂದಿಲ್ರಿ," ಎಂದು ವಕೀಲರು ನಕ್ಕರೂ ಬಿಡುವುದಿಲ್ಲ. ಹುಕ್ಕೇರಿಯಿಂದ ಮೂಡಲಗಿಯವರೆಗೆ ಯಾರು ಏನು ಕೇಳಿದರೂ, ತಮ್ಮ ವಯಸ್ಸನ್ನೇ ಕೇಳಿದರೂ, "ಸುಮಾರು" ಎನ್ನದೆ ಬಾಯಿ ತೆರೆಯರು. ಮೇಲವಂಕಿಯ ಕಾಡವ್ವನನ್ನು ಕಂಡರೆ ಮಾತ್ರ ತಲೆ ತಗ್ಗಿಸಿ ರಸ್ತೆ ದಾಟಿಬಿಡುತ್ತಾರೆ. ಅವಳ ಗಂಡ ಹೊಲ ಹಂಚಿಕೊಂಡು ಬರೆಸಿಟ್ಟ ವಾಟ್ನಿ ಪತ್ರ ಖೊಟ್ಟಿ, ಈಚೆಗೆ ಬರೆದು ಹುಟ್ಟಿಸಿದ್ದು ಎಂದು ಮೈದುನ ದಾವೆ ಹೂಡಿದ್ದ. ಇವರ ಸಾಕ್ಷಿಯ ಮೇಲೆಯೇ ಅವಳ ಎರಡೆಕರೆ ಹೋಯಿತು. ಸಾಕ್ಷಿ ಹೇಳಿ ಹೊರಗೆ ಬಂದ ದಿನ ಅವಳು ಇವರಿಗೇ ಕೈ ಮುಗಿದು, "ಇಪ್ಪತ್ತ ವರ್ಷ ಪ್ಲಾಸ್ಟಿಕ್‌ನ್ಯಾಗ ಸುತ್ತಿ, ಡಬ್ಬಿಗೆ ಮ್ಯಾಣಾ ಹಚ್ಚಿ ಇಟ್ಟಿದ್ದೆರಿ, ಗಾಳಿ ಸೋಕಿಸಿದ್ದಿಲ್ಲ. ನಂದ ಏನರ ತಪ್ಪಾತೇನ್ರಿ?" ಎಂದಿದ್ದಳು. ಗಾಳಿ ಸೋಕದ ಶಾಯಿ ಆರದೆ ಹೊಸದರಂತೆಯೇ ಉಳಿಯುತ್ತದೆ ಎಂಬುದು ಇವರಿಗೆ ಆ ಕ್ಷಣವೇ ಹೊಳೆಯಿತು. ಹತ್ತು ಹೆಜ್ಜೆ ಹಿಂದೆ ಹೋಗಿ ನ್ಯಾಯಾಧೀಶರಿಗೆ ಹೇಳಬಹುದಿತ್ತು, ಹೋಗಲಿಲ್ಲ. ತಪ್ಪು ನಿನ್ನದಲ್ಲವ್ವ ಎಂದೂ ಹೇಳಲಿಲ್ಲ. ಕಟಕಟೆಯಲ್ಲಿ ನಿಂತು, ಈ ಶಾಯಿಯ ವಯಸ್ಸೆಷ್ಟು ಎಂಬ ಪ್ರಶ್ನೆಗೆ, ಕೊನೆಯ ಬೆಂಚಿನವರಿಗೂ ಕೇಳುವಂತೆ ಇವರು ಆಗಷ್ಟೇ ಉತ್ತರಿಸಿ ಬಂದಿದ್ದರು: "ಎಂಟು ತಿಂಗಳು."